ಅಮೆರಿಕದ ಎಕ್ಸ್‌ಟರ್ನಲ್‌ಗೆ ಒಂದು ಮೈಸೂರು ಪೇಟ

ಅಮೆರಿಕಕ್ಕೆ ಕಾಲಿಡದೆಯೇ ಅಮೆರಿಕನ್ನರನ್ನು ಅರೆದು ಕುಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲಿ ನಾನೂ ಒಬ್ಬಳು, ಅದೂ ಮುಂದಿನ ಸಾಲಿನವಳು. ಅಮೆರಿಕನ್ನರೆಂದರೆ ಎತ್ತರದ ದಪ್ಪ ಜನ, ತಲೆಗೆ ಟೋಪಿ, ಕಾಲಿಗೆ ಬಿಳಿ ಬೂಟು, ಮೆಲ್ಲಗೆ ಮಾತಾಡುವುದು ಅವರಿಗೆ ಗೊತ್ತೇ ಇಲ್ಲ, ಹಿಮ ಬೀಳುವ ದಿನವೂ ನೀರಿಗೆ ಐಸ್ ಹಾಕಿಕೊಳ್ಳುತ್ತಾರೆ, ಗುರುತಿಲ್ಲದವರನ್ನೂ ತಬ್ಬಿಕೊಳ್ಳುತ್ತಾರೆ, ಎಂಥ ಕಳಪೆ ಕೆಲಸ ತೋರಿಸಿದರೂ ‘ಆಸಮ್’ ಎಂದು ಬೆನ್ನು ತಟ್ಟುತ್ತಾರೆ, ಅವರ ನಗು ಹಲ್ಲಿನದು, ಮನಸ್ಸಿನದಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನನ್ನ ನಾದಿನಿಯ ಗಂಡ ರುದ್ರೇಶಪ್ಪನವರು. ಅಕ್ಕಿ ಗಿರಣಿಯ ಯಂತ್ರಗಳ ಪ್ರದರ್ಶನ ನೋಡಲು ಅವರು ಒಮ್ಮೆ ಷಿಕಾಗೋಗೆ ಹೋಗಿದ್ದರು. ಹೋಟೆಲಿನಿಂದ ಪ್ರದರ್ಶನಕ್ಕೆ, ಪ್ರದರ್ಶನದಿಂದ ಹೋಟೆಲಿಗೆ, ಅವರು ಕಂಡ ಅಮೆರಿಕ ಅಷ್ಟೇ. ಆದರೆ ದಾವಣಗೆರೆಯ ನಮ್ಮ ಮನೆಯ ಹಾಲಿನಲ್ಲಿ ಕಾಲು ಚಾಚಿ ಕೂತು ಅವರು ಆ ದೇಶವನ್ನು ವರ್ಣಿಸುತ್ತಿದ್ದರೆ ನಡುವೆ ಬಾಯಿ ಹಾಕುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

ಈ ಜ್ಞಾನ ನನ್ನ ಕುತ್ತಿಗೆಗೆ ಬಂದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ದಾವಣಗೆರೆಯ ಕಾಲೇಜೊಂದರಲ್ಲಿ ಆಹಾರ ವಿಜ್ಞಾನದ ಪಾಠ ಮಾಡಿಕೊಂಡಿದ್ದ ನಾನು, ಕಾಲೇಜಿನಿಂದ ರಜೆ ಪಡೆದು ಪಿಎಚ್‌.ಡಿ. ಮಾಡಲು ಇಲ್ಲಿಗೆ ಬಂದಿದ್ದೆ. ದಕ್ಷಿಣ ಏಷ್ಯಾದ ಕುಟುಂಬಗಳು ಈ ಚಳಿ ದೇಶಕ್ಕೆ ಬಂದ ಮೇಲೆ ಎಷ್ಟು ಉಪ್ಪು ತಿನ್ನುತ್ತವೆ ಎಂಬುದು ನನ್ನ ವಿಷಯ. ವಾರಾಂತ್ಯಗಳಲ್ಲಿ ಬಸ್ಸು ಬದಲಿಸಿಕೊಂಡು ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗುತ್ತಿದ್ದೆ. ಪ್ರಸಾದಕ್ಕೆ ಸಾಲುಗಟ್ಟಿ ನಿಂತವರನ್ನು ಹಿಡಿದು, “ಮನೇಲಿ ಉಪ್ಪಿನಕಾಯಿ ದಿನಾ ಹಾಕ್ಕೋತೀರಾ? ಮಜ್ಜಿಗೆಗೆ ಉಪ್ಪೆಷ್ಟು?” ಎಂದು ಕೇಳುತ್ತಿದ್ದೆ. ಪುಳಿಯೋಗರೆ ಕೈಯಲ್ಲಿರುವಾಗ ಜನ ಸುಳ್ಳು ಹೇಳುವುದಿಲ್ಲ ಎಂಬುದು ನನ್ನ ನಂಬಿಕೆ. ಹೀಗೆ ಉಪ್ಪು ಕೇಳಿ ಕೇಳಿ ಪ್ರಬಂಧ ಮುಗಿಸಿದೆ. ಇನ್ನು ಉಳಿದದ್ದು ವೈವಾ, ಪರೀಕ್ಷಕರ ಮುಂದೆ ಕೂತು ಉತ್ತರ ಹೇಳುವ ಆ ಒಂದು ಮಧ್ಯಾಹ್ನ.

ಆ ಮಧ್ಯಾಹ್ನದ ಮೇಲೆ ಏನೆಲ್ಲ ನಿಂತಿತ್ತು! ಕಾಲೇಜಿನ ರಜೆ ಮುಗಿಯುತ್ತ ಬಂದಿತ್ತು. ವೀಸಾ ಕೂಡ ಅದರ ಹಿಂದೆಯೇ. ಡಿಗ್ರಿ ಇಲ್ಲದೆ ಬರಿಗೈಯಲ್ಲಿ ವಾಪಸು ಬಂದರೆ ನನ್ನ ಜಾಗದಲ್ಲಿ ಬೇರೆಯವರನ್ನು ಕೂರಿಸುವುದಾಗಿ ಪ್ರಿನ್ಸಿಪಾಲರು ನಗುನಗುತ್ತಲೇ ಹೇಳಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮಾವನವರು ಮನೆ ಬಾಗಿಲಿಗೆ ‘ಡಾ. ಶೈಲಜಾ’ ಎಂದು ಹಿತ್ತಾಳೆಯ ಬೋರ್ಡು ಮಾಡಿಸಿ, ಮೊಳೆ ಹೊಡೆಸಿ, ಕುಂಕುಮ ಹಚ್ಚಿ, ಅದರ ಫೋಟೋ ಕೂಡ ನನಗೆ ಕಳಿಸಿಬಿಟ್ಟಿದ್ದರು. ಬೀದಿಯವರು ಆಗಲೇ ನೆಗಡಿ, ಕೆಮ್ಮಿಗೆ ನನ್ನನ್ನು ವಿಚಾರಿಸಿಕೊಂಡು ಬರುತ್ತಿದ್ದರಂತೆ. ವೈವಾದಲ್ಲಿ ಫೇಲಾದರೆ ಆ ಬೋರ್ಡನ್ನು ಯಾರು ಕೀಳುವುದು, ಕಿತ್ತ ಮೇಲೆ ಮೊಳೆಯ ತೂತನ್ನು ಏನು ಮಾಡುವುದು, ಇದೇ ಯೋಚನೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ.

ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬರುವ ಪರೀಕ್ಷಕರು, ಲೀಡ್ಸ್‌ನಲ್ಲಿ ಪಾಠ ಮಾಡುವ ಟೆರಿ ಹ್ಯಾಲೋರನ್ ಎಂಬ ಅಮೆರಿಕನ್ ಪ್ರೊಫೆಸರ್ ಎಂದು ನನ್ನ ಗೈಡ್ ಹೇಳಿದಾಗ ಮಾತ್ರ ಸ್ವಲ್ಪ ಉಸಿರು ಬಂತು. ಆಸಮ್ ಅನ್ನುವ ಜಾತಿಯಲ್ಲವೇ! ಅಂತರ್ಜಾಲದಲ್ಲಿ ಹುಡುಕಿದೆ. ಫೋಟೋ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಒಂದು ನೆರಳು ಮಾತ್ರ ಇತ್ತು. ಇರಲಿ, ಅಮೆರಿಕನ್ನರನ್ನು ಗುರುತಿಸಲು ಫೋಟೋ ಯಾಕೆ ಬೇಕು?

ಊರಿಗೆ ಫೋನ್ ಮಾಡಿದೆ. ನಮ್ಮ ಯಜಮಾನರೂ ಪಿಎಚ್‌.ಡಿ. ಮಾಡಿದವರು. ಅವರ ವೈವಾ ನಮ್ಮ ಮನೆಯಲ್ಲಿ ಮದುವೆಗಿಂತ ದೊಡ್ಡ ಸಮಾರಂಭ. ಆಂಧ್ರದಿಂದ ಬಂದ ಎಕ್ಸ್‌ಟರ್ನಲ್‌ರನ್ನು ಸ್ಟೇಷನ್ನಿನಿಂದ ಕಾರಿನಲ್ಲಿ ಕರೆತಂದು, ಲಾಡ್ಜಿನಲ್ಲಿ ಬಿಸಿನೀರು ಬರುತ್ತದೆಯೇ ಎಂದು ಮೊದಲೇ ನಲ್ಲಿ ತಿರುಗಿಸಿ ನೋಡಿ, ಬೆಳಿಗ್ಗೆ ಬೆಣ್ಣೆ ದೋಸೆ, ಮಧ್ಯಾಹ್ನ ಹೋಳಿಗೆ, ನಡುವೆ ತಟ್ಟೆ ತುಂಬ ಗೋಡಂಬಿ, ಕೊನೆಗೆ ಅವರ ಹೆಂಡತಿಯನ್ನು ಸೀರೆ ಅಂಗಡಿಗೆ ಕರೆದುಕೊಂಡು ಹೋದವಳು ನಾನೇ. ಪ್ರಶ್ನೆ ಕೇಳಲು ಅವರಿಗೆ ಪುರುಸೊತ್ತೇ ಸಿಗಲಿಲ್ಲ.

“ಅಲ್ಲ ಕಣೇ ಶೈಲಾ, ಅಷ್ಟು ದೊಡ್ಡ ಮನುಷ್ಯ ಬರ್ತಾ ಇದ್ದಾರೆ, ಸ್ಟೇಷನ್ನಿಗೆ ಹೋಗಿ ಕರ್ಕೊಂಡು ಬರೋದು ಬೇಡ್ವಾ? ಅಲ್ಲಿ ಹೋಗಿ ಮರ್ಯಾದೆನೂ ಮರೆತ್ಯಾ?” ಎಂದರು ಯಜಮಾನರು. ಇಲ್ಲಿಗೆ ಬರುತ್ತಿದ್ದ ಪರಿಚಯದವರ ಕೈಯಲ್ಲಿ ಒಂದು ಶಾಲು, ಒಂದು ಗಂಧದ ಹಾರ, ಒಂದು ಡಬ್ಬಿ ಮೈಸೂರುಪಾಕು, ಒಂದು ಮೈಸೂರು ಪೇಟ ಕಳಿಸಿದರು. “ಪೇಟ ದೊಡ್ಡ ಸೈಜಿಂದು. ರುದ್ರೇಶಪ್ಪ ಹೇಳಿದ್ದು, ಅವ್ರ ತಲೆ ದೊಡ್ಡದಿರುತ್ತಂತೆ. ಹಾರ ಮಾತ್ರ ಕೈಗೆ ಕೊಡು, ಕೊರಳಿಗೆ ಹಾಕಬೇಡ,” ಎಂದೂ ಎಚ್ಚರಿಸಿದರು. ಮಾವನವರು ಫೋನ್ ಕಸಿದುಕೊಂಡು, “ಫೋಟೋ ತೆಗೆಸ್ಕೋ ತಾಯಿ, ಹಾಲಲ್ಲಿ ಹಾಕ್ಸೋಣ,” ಎಂದರು.

ವೈವಾ ದಿನ ಬಂತು. ಲೀಡ್ಸ್ ಕಡೆಯಿಂದ ಹನ್ನೊಂದರ ಸುಮಾರಿಗೆ ಬರುವ ರೈಲಿನಲ್ಲಿ ಟೆರಿ ಬರುತ್ತಾರೆಂದು ಗೈಡ್ ಮಾತಿನ ನಡುವೆ ಅಂದಿದ್ದರು. ರೇಷ್ಮೆ ಸೀರೆ ಉಟ್ಟು, ಮೇಲೆ ದಪ್ಪ ಕೋಟು ತೊಟ್ಟು, ನ್ಯೂ ಸ್ಟ್ರೀಟ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಹೋಗಿ ಕೂತೆ. ಆ ಸ್ಟೇಷನ್ನನ್ನು ಆಗ ಅರ್ಧ ಕೆಡವಿ ಅರ್ಧ ಕಟ್ಟುತ್ತಿದ್ದರು. ಕೆಳಗೆ ಪ್ಲಾಟ್‌ಫಾರ್ಮಿನಲ್ಲಿ ಹಗಲಲ್ಲೂ ಮಬ್ಬುಗತ್ತಲೆ, ಮೇಲೆ ಡ್ರಿಲ್ಲಿನ ಸದ್ದು, ನನ್ನ ಎದೆಯೊಳಗೆ ಇನ್ನೊಂದು ಡ್ರಿಲ್ಲು. ಬೆಂಚಿನ ಆ ತುದಿಯಲ್ಲಿ ನರೆಗೂದಲಿನ ಸಣಕಲು ಹೆಂಗಸೊಬ್ಬರು ಮಾಸಿದ ಬಟ್ಟೆ ಚೀಲ ತೊಡೆಯ ಮೇಲಿಟ್ಟುಕೊಂಡು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ನನ್ನತ್ತ ತಿರುಗಿ ಮೆಲುದನಿಯಲ್ಲಿ, “ಯೂನಿವರ್ಸಿಟಿ ರೈಲು?” ಎಂದರು. ಎಜ್‌ಬಾಸ್ಟನ್ನಿನಲ್ಲಿ ನಮ್ಮ ವಿಶ್ವವಿದ್ಯಾಲಯಕ್ಕೂ ದೊಡ್ಡಾಸ್ಪತ್ರೆಗೂ ಸೇರಿ ಒಂದೇ ಸ್ಟೇಷನ್ನು. ಪಾಪ, ಆಸ್ಪತ್ರೆಗೆ ಹೊರಟಿರಬೇಕು ಅಂದುಕೊಂಡು ಬೋರ್ಡಿನ ಕಡೆ ಕೈ ತೋರಿಸಿದೆ. “ಸ್ವಲ್ಪ ಆ ಕಡೆ ಸರೀತೀರಾ? ನಮ್ಮ ಸಾಮಾನು ಇಡಬೇಕು. ಇವತ್ತು ನನ್ನ ವೈವಾ. ಎಕ್ಸ್‌ಟರ್ನಲ್ ಬರ್ತಿದ್ದಾರೆ, ತುಂಬ ದೊಡ್ಡ ಅಮೆರಿಕನ್ ಪ್ರೊಫೆಸರು,” ಎಂದೂ ಸೇರಿಸಿದೆ. ಆಕೆ ನನ್ನನ್ನು ಒಂದು ಸಲ ನೋಡಿದರು, ಪೇಟವನ್ನು ಒಂದು ಸಲ ನೋಡಿದರು, ಸುಮ್ಮನೆ ಸರಿದು ಕೂತರು. ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ. ಈ ಇಂಗ್ಲಿಷರೇ ಹೀಗೆ, ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಅಂದುಕೊಂಡೆ.

ರೈಲು ಬಂತು. ಜನ ಇಳಿದರು. ಆಹಾ, ಅವರನ್ನು ಗುರುತಿಸಲು ನನಗೆ ಒಂದು ಗಳಿಗೆಯೂ ಹಿಡಿಯಲಿಲ್ಲ! ಬಾಗಿಲಿಗೆ ಬಾಗಿಲೇ ತುಂಬುವ ಆಸಾಮಿ. ತಲೆಗೆ ನಕ್ಷತ್ರಗಳ ಚಿತ್ರವಿದ್ದ ಟೋಪಿ, ಕಾಲಿಗೆ ಬಿಳಿ ಬೂಟು, ಒಂದು ಕೈಯಲ್ಲಿ ಬೀರುವಿನಷ್ಟು ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಐಸು ಗಲಗಲ ಅನ್ನುವ ಭಾರಿ ಲೋಟ, ಕಿವಿಗೂ ಭುಜಕ್ಕೂ ನಡುವೆ ಫೋನು, ಪ್ಲಾಟ್‌ಫಾರ್ಮಿಗೆಲ್ಲ ಕೇಳುವ ನಗು. ರುದ್ರೇಶಪ್ಪನವರು ಕಣ್ಣ ಮುಂದೆ ಬಂದು ‘ನಾನು ಹೇಳಲಿಲ್ವಾ?’ ಅಂದಂತಾಯಿತು. ಓಡಿಹೋಗಿ ಕೈ ಮುಗಿದೆ.

“ವೆಲ್‌ಕಮ್ ಟು ಬರ್ಮಿಂಗ್‌ಹ್ಯಾಮ್, ಪ್ರೊಫೆಸರ್! ಲೀಡ್ಸ್‌ನಿಂದ ಪ್ರಯಾಣ ಚೆನ್ನಾಗಿತ್ತೇ?”

ಅವರು ಫೋನ್ ಕೆಳಗಿಳಿಸಿ ಬಾಯಿ ತೆರೆದು ನಿಂತರು. ನಾನು ತಡಮಾಡದೆ ಶಾಲು ಹೊದಿಸಿದೆ. ಎತ್ತರಕ್ಕೆ ನಿಲುಕದೆ ಹಾರಿ ಹೊದಿಸಬೇಕಾಯಿತು. ಪೇಟ ಕೊಟ್ಟೆ. ಅದನ್ನು ಅವರು ಟೋಪಿಯ ಮೇಲೆಯೇ ಇಟ್ಟುಕೊಂಡರು, ಆದರೂ ಸರಿಹೋಯಿತು. ಹಾರವನ್ನೂ ಮೈಸೂರುಪಾಕಿನ ಡಬ್ಬಿಯನ್ನೂ ಕೈಗಿತ್ತೆ. “ಅಯ್ಯಯ್ಯೋ, ಇದು ನಮ್ಮ ಟ್ರೇಸಿ ಕೆಲಸ ತಾನೆ? ಹುಟ್ಟುಹಬ್ಬಕ್ಕೆ ಏನೂ ಮಾಡಬೇಡ ಅಂತ ಅಷ್ಟು ಹೇಳಿದ್ದೆ!” ಎಂದರು. ಟ್ರೇಸಿ ನಮ್ಮ ವಿಭಾಗದ ಕಾರ್ಯದರ್ಶಿ ಇರಬೇಕು ಅಂದುಕೊಂಡು, ಹೌದು ಹೌದು, ಎಲ್ಲರ ಪರವಾಗಿ ಎಂದೆ. ಉಚ್ಚಾರಣೆ ಯಾಕೋ ಇಲ್ಲಿನ ಬಸ್ ಡ್ರೈವರರ ಹಾಗೆ ಕೇಳಿಸಿತು. ಇಂಗ್ಲೆಂಡಿನಲ್ಲಿ ಬಹಳ ಕಾಲ ಇದ್ದರೆ ಹಾಗಾಗಬಹುದು ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಆ ಸಣಕಲು ಹೆಂಗಸು ಫ್ಲಾಸ್ಕು ಚೀಲಕ್ಕೆ ತುರುಕಿಕೊಂಡು ಅವಸರದಲ್ಲಿ ಎದ್ದು ಹೊರಟಿದ್ದರು. ಅವರನ್ನು ಅಡ್ಡಹಾಕಿ ನನ್ನ ಫೋನ್ ಕೈಗೆ ತುರುಕಿ, “ಒಂದು ಫೋಟೋ ತೆಗೀರಿ ಪ್ಲೀಸ್,” ಎಂದೆ. ಆಕೆ ಮಾತಾಡದೆ ತೆಗೆದರು. ಪಕ್ಕದ ಮನುಷ್ಯ ನನ್ನನ್ನು ಎತ್ತಿ ಇಳಿಸುವ ಹಾಗೆ ತಬ್ಬಿಕೊಂಡರು. ಪಾಠದಲ್ಲಿದ್ದದ್ದೆಲ್ಲ ಒಂದೊಂದಾಗಿ ನಿಜವಾಗುತ್ತಿತ್ತು.

“ಟ್ಯಾಕ್ಸಿ ಈ ಕಡೆ, ಪ್ರೊಫೆಸರ್,” ಎಂದೆ.

“ಟ್ಯಾಕ್ಸಿ ಯಾಕೆ? ನಾನು ಡಡ್ಲಿ ಬಸ್ಸು ಹಿಡೀತೀನಿ. ಥ್ಯಾಂಕ್ಸ್, ಬ್ಯಾಬ್,” ಎಂದರು.

ಡಡ್ಲಿ ಇಲ್ಲೇ ಪಕ್ಕದ ಊರು. ಈ ಬ್ಯಾಬ್ ಎಂಬ ಪದ ಬರ್ಮಿಂಗ್‌ಹ್ಯಾಮಿನದು. ನಮ್ಮಲ್ಲಿ ತರಕಾರಿ ಮಾರುವವರು ‘ಅವ್ವಾ, ತಾಯೀ’ ಅನ್ನುವ ಹಾಗೆ ಇಲ್ಲಿನ ಅಂಗಡಿಯವರು, ಬಸ್ಸಿನವರು ಸಿಕ್ಕಿದವರಿಗೆಲ್ಲ ಅನ್ನುತ್ತಾರೆ. ಈ ಊರಿನ ನೀರು ಕುಡಿದು ಬೆಳೆದವರಲ್ಲದೆ ಇನ್ನಾರೂ ಅನ್ನುವುದಿಲ್ಲ. ನನ್ನ ಕಾಲ ಕೆಳಗಿನ ಪ್ಲಾಟ್‌ಫಾರ್ಮು ಜಾರಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಶಾಲು ಹೊದ್ದು, ಪೇಟ ಇಟ್ಟು, ಗಂಧದ ಹಾರ ತಾವೇ ಕೊರಳಿಗೆ ಹಾಕಿಕೊಂಡು, ಮೈಸೂರುಪಾಕಿನ ಡಬ್ಬಿ ಬಗಲಲ್ಲಿಟ್ಟು, ಎಲ್ಲರಿಗೂ ಕೈ ಬೀಸುತ್ತ ಎಸ್ಕಲೇಟರ್ ಏರಿ ಹೋಗಿಬಿಟ್ಟರು.

ಹಾಗಾದರೆ ನಿಜವಾದ ಎಕ್ಸ್‌ಟರ್ನಲ್ ಎಲ್ಲಿ? ಪ್ಲಾಟ್‌ಫಾರ್ಮು ಖಾಲಿಯಾಗಿತ್ತು. ಅಮೆರಿಕದಿಂದ ಬಂದ ದೊಡ್ಡ ಮನುಷ್ಯರನ್ನು ಕರೆಯದೆ ಬಿಟ್ಟೆನಲ್ಲ ಎಂದು ಅಳು ಬಂತು. ಎಜ್‌ಬಾಸ್ಟನ್ನಿನಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ನಸ್ರೀನಳಿಗೆ ಫೋನ್ ಮಾಡಿದೆ. ವಿಜಯಪುರದ ಹುಡುಗಿ, ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು, ನನಗೆ ತಂಗಿ ಇದ್ದ ಹಾಗೆ. ನನ್ನ ಜೊತೆ ಯಾವಾಗಲೂ ಬೆಂಗಳೂರು ಕನ್ನಡ ಆಡುವವಳು, ಕತೆ ಕೇಳಿ ಗಾಬರಿಯಲ್ಲಿ ಸೀದಾ ತನ್ನೂರಿನ ಮಾತಿಗೇ ಹೋಗಿಬಿಟ್ಟಳು.

“ಯಾ ಅಲ್ಲಾ! ಅಕ್ಕಾ, ಏನ್ ಮಾಡಿದ್ರಿ? ಎಕ್ಸ್‌ಟರ್ನಲ್‌ಗ ವೈವಾಕ್ಕಿಂತ ಮುಂಚೆ ಭೇಟಿನೇ ಆಗಬಾರದ್ರೀ ಇಲ್ಲಿ! ಮ್ಯಾಲ ಶಾಲು, ಸ್ವೀಟು? ಲಂಚ ಅಂತಾರ್ರೀ! ವೈವಾ ಕ್ಯಾನ್ಸಲ್ ಮಾಡ್ತಾರ!”

“ಆದರೆ ನಾನು ಕೊಟ್ಟಿದ್ದು ಬೇರೆಯವರಿಗೆ ಕಣೇ.”

“ಯಾರಿಗೆ?”

“ಡಡ್ಲಿಯವರಿಗೆ.”

“ನಿಮ್ಮ ಪುಣ್ಯ ದೊಡ್ಡದೈತಿ. ಈಗ ಮತ್ತ ಹುಡುಕಾಕ ಹೋಗಬ್ಯಾಡ್ರಿ. ನಕ್ಕೋ ಅಕ್ಕಾ, ಬಿಲ್‌ಕುಲ್ ನಕ್ಕೋ! ಸೀದಾ ಮನಿಗೆ ಬಂದು ಸೀರಿ ಬದಲಿಸ್ರಿ,” ಎಂದಳು.

ನನಗೆ ಜ್ವರ ಬಂದು ಬಿಟ್ಟಂತಾಯಿತು. ಮರ್ಯಾದೆ ಅಂದುಕೊಂಡದ್ದು ಇಲ್ಲಿ ಲಂಚವೇ? ಗಂಧದ ಹಾರಕ್ಕೂ ಲಂಚ ಅನ್ನುತ್ತಾರೆಯೇ? ಆದರೂ ತಪ್ಪಿಸಿಕೊಂಡೆನಲ್ಲ ಎಂಬ ನೆಮ್ಮದಿಯಲ್ಲಿ ಸೀರೆ ಬದಲಿಸಿ, ಪ್ಯಾಂಟು ಹಾಕಿಕೊಂಡು ವಿಭಾಗಕ್ಕೆ ಹೋದೆ. ಆ ನೆಮ್ಮದಿ ಬಾಗಿಲು ತೆರೆಯುವವರೆಗೆ ಇತ್ತು. ಒಳಗೆ ನಮ್ಮ ವಿಭಾಗದವರೇ ಆದ ಇಂಗ್ಲಿಷ್ ಪರೀಕ್ಷಕರು ಒಬ್ಬರು ಕೂತಿದ್ದರು. ಅವರ ಪಕ್ಕದಲ್ಲಿ ನರೆಗೂದಲು, ಮಾಸಿದ ಬಟ್ಟೆ ಚೀಲ, ಫ್ಲಾಸ್ಕು.

“ಇವರು ಪ್ರೊಫೆಸರ್ ಟೆರಿ ಹ್ಯಾಲೋರನ್,” ಎಂದರು ಇಂಗ್ಲಿಷ್ ಪರೀಕ್ಷಕರು.

ಆಕೆಗೆ ಎಲ್ಲ ಗೊತ್ತು. ನಾನು ಯಾರಿಗೆ ಕಾಯುತ್ತಿದ್ದೆ, ಯಾಕೆ ಕಾಯುತ್ತಿದ್ದೆ, ಪೇಟದ ಬಣ್ಣವೇನು, ಎಲ್ಲ. ಫೋಟೋ ತೆಗೆದವರೇ ಆಕೆ! ಒಂದು ಮಾತು ಪಕ್ಕದವರ ಕಿವಿಗೆ ಹಾಕಿದರೆ ನನ್ನ ಕತೆ ಅಲ್ಲಿಗೇ ಮುಗಿಯಿತು. ಆಕೆ ನನ್ನತ್ತ ನೋಡಿ ನಕ್ಕರು. ಹಲ್ಲಿನ ನಗುವೋ ಮನಸ್ಸಿನದೋ ಎಂದು ಪರೀಕ್ಷಿಸುವಷ್ಟು ತ್ರಾಣ ನನಗಿರಲಿಲ್ಲ. “ಕೂತುಕೊಳ್ಳಿ, ನಾವು ಈ ಮೊದಲು ಪರಿಚಯ ಮಾಡಿಕೊಂಡಿಲ್ಲ ಅನಿಸುತ್ತದೆ,” ಎಂದರು. ಆಮೇಲೆ ನೀರಿನ ಲೋಟ ನೋಡಿ, “ಐಸ್ ಇದೆಯೇ?” ಎಂದು ಕೇಳಿದರು. ಅಂಥ ಸಂಕಟದಲ್ಲೂ, ಸದ್ಯ, ಇದೊಂದಾದರೂ ನಿಜವಾಯಿತಲ್ಲ ಎಂದು ಮನಸ್ಸಿಗೆ ಹಾಯೆನಿಸಿತು.

ಮೊದಲ ಪ್ರಶ್ನೆ ದಾವಣಗೆರೆ ಎಲ್ಲಿದೆ ಎಂದು. “ನನಗೆ ಗೊತ್ತಿಲ್ಲ. ಬೋರ್ಡಿನ ಮೇಲೆ ಬರೆದು ತೋರಿಸುತ್ತೀರಾ?” ಎಂದರು. ಅಮೆರಿಕನ್ನರಿಗೆ ಭೂಗೋಳ ಬರುವುದಿಲ್ಲ ಎಂದು ರುದ್ರೇಶಪ್ಪನವರು ಹೇಳಿದ್ದು ಸರಿಯೇ. ಆದರೆ ಗೊತ್ತಿಲ್ಲ ಎಂದು ಹೇಳಿ ಕೇಳಿ ತಿಳಿದುಕೊಳ್ಳುತ್ತಾರೆ ಎಂಬುದನ್ನು ಅವರು ಹೇಳಿರಲಿಲ್ಲ. ನನ್ನ ಗೈಡ್ ಇಷ್ಟು ವರ್ಷ ‘ನಿಮ್ಮ ಮುಂಬೈ’ ಅನ್ನುತ್ತಲೇ ಕಾಲ ಕಳೆದಿದ್ದರು. ಕರ್ನಾಟಕದ ನಕ್ಷೆ ಬರೆದೆ. ಅದು ಗೋಡಂಬಿಯ ಹಾಗೆ ಬಂತು. ಆಕೆ ಅದನ್ನು ನಿಧಾನವಾಗಿ ನೋಡಿ, ಪ್ರಬಂಧದ ಕೊನೆಯ ಅಧ್ಯಾಯ ತೆರೆದರು. ಆಸಮ್ ಎಂಬ ಪದ ಎಲ್ಲೂ ಬರಲಿಲ್ಲ.

“ಇವರನ್ನೆಲ್ಲ ಮಾತಾಡಿಸಿದ್ದು ಎಲ್ಲಿ?”

“ದೇವಸ್ಥಾನದಲ್ಲಿ.”

“ಎಲ್ಲರನ್ನೂ?”

“ಎಲ್ಲರನ್ನೂ ಅಲ್ಲೇ.”

“ದೇವಸ್ಥಾನಕ್ಕೆ ಬರದವರು? ಬೇರೆ ಧರ್ಮದವರು?”

ಒಂದೇ ಅಡುಗೆಮನೆಯಲ್ಲಿ ನನ್ನ ಜೊತೆ ದಿನಾ ಅಡುಗೆ ಮಾಡುವ ನಸ್ರೀನ್ ಎಷ್ಟು ಉಪ್ಪು ಹಾಕುತ್ತಾಳೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

“ಆದರೂ ಇಲ್ಲಿ ‘ದಕ್ಷಿಣ ಏಷ್ಯಾದವರು ಹೀಗೆ’ ಎಂದು ಬರೆದಿದ್ದೀರಿ.” ಆಕೆ ಹಾಳೆಯಿಂದ ತಲೆಯೆತ್ತಿದರು. ದನಿ ಅದೇ ಮೆಲುದನಿ. “ಕೆಲವರನ್ನು ನೋಡಿ ಎಲ್ಲರೂ ಹೀಗೇ ಎಂದು ತೀರ್ಮಾನಿಸುವುದು ನಿಮ್ಮ ಅಭ್ಯಾಸವೇ?”

ಇಂಗ್ಲಿಷ್ ಪರೀಕ್ಷಕರಿಗೆ ಅದು ಉಪ್ಪಿನ ಪ್ರಶ್ನೆ. ನನಗೆ ಮಾತ್ರ ಟೋಪಿ, ಬಿಳಿ ಬೂಟು, ಸೂಟ್‌ಕೇಸು ಎಲ್ಲ ಮೇಜಿನ ಮೇಲೆ ಸಾಲಾಗಿ ಬಂದು ಕೂತ ಹಾಗಾಯಿತು. ವಾದ ಮಾಡಲು ಕಲಿತದ್ದೆಲ್ಲ ಹಾರಿಹೋಯಿತು. “ಇಲ್ಲ ಮೇಡಂ… ಹೌದು ಮೇಡಂ. ನಾನು ನೋಡಿದ್ದು ಇವರನ್ನು ಮಾತ್ರ. ಮಿಕ್ಕವರ ವಿಷಯ ನನಗೆ ಗೊತ್ತಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ,” ಎಂದೆ. ಆಕೆ ಪೆನ್ನು ಕೆಳಗಿಟ್ಟು, “ಈ ಮಧ್ಯಾಹ್ನದ ಒಳ್ಳೆಯ ಉತ್ತರ ಇದು,” ಎಂದರು.

ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಕಾರಿಡಾರಿನಲ್ಲಿ ನಿಂತು ಬಾಗಿಲಿಗೆ ಕಿವಿ ಕೊಟ್ಟೆ. ಇಂಗ್ಲಿಷ್ ಪರೀಕ್ಷಕರ ನಗು ಕೇಳಿಸಿತು. ಆಯಿತು, ಹೇಳಿಬಿಟ್ಟರು, ಪೇಟದ ವಿಷಯ ಬಂತು ಅಂದುಕೊಂಡೆ. ಕಣ್ಣ ಮುಂದೆ ಮಾವನವರು ಸ್ಟೂಲು ಹತ್ತಿ ಇಕ್ಕಳದಿಂದ ಮೊಳೆ ಕೀಳುತ್ತಿದ್ದರು. ಬಾಲಾಜಿಗೆ ಹರಕೆ ಹೊತ್ತೆ, ನಸ್ರೀನಳಿಗೆ ಅವಳ ಕಡೆಯಿಂದಲೂ ಬೇಡಿಕೊಳ್ಳಲು ಮೆಸೇಜು ಹಾಕಿದೆ. ಕೊನೆಗೆ ಬಾಗಿಲು ತೆರೆಯಿತು. ಇಂಗ್ಲಿಷ್ ಪರೀಕ್ಷಕರು ಕೈ ಚಾಚಿ, “ಬನ್ನಿ, ಡಾಕ್ಟರ್ ಶೈಲಜಾ,” ಎಂದರು. ಕೊನೆಯ ಅಧ್ಯಾಯವನ್ನು ತಿದ್ದಿ ಬರೆಯಬೇಕು, ಅಷ್ಟೇ. ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ಗೊಳೋ ಎಂದು ಅತ್ತೆ.

ಹೊರಡುವಾಗ ಕಾರಿಡಾರಿನಲ್ಲಿ ಆಕೆ ಒಬ್ಬರೇ ಸಿಕ್ಕರು. ಅಮೆರಿಕನ್ನರಲ್ಲವೇ ಎಂದು ನಾನು ಎರಡೂ ಕೈ ಅಗಲಿಸಿ ತಬ್ಬಲು ಸಿದ್ಧಳಾದೆ. ಆಕೆ ಒಂದು ಹೆಜ್ಜೆ ಹಿಂದೆ ಸರಿದು ಕೈ ಕುಲುಕಿದರು.

“ಈ ರೈಲುಗಳನ್ನು ನಂಬುವ ಹಾಗಿಲ್ಲ ಅಂತ ಒಂದು ಗಾಡಿ ಮೊದಲೇ ಬಂದುಬಿಟ್ಟಿದ್ದೆ. ನಿಮ್ಮ ಮಾತು ಕೇಳಿದ ಮೇಲೆ ಬಾಯಿ ಬಿಡುವ ಹಾಗಿರಲಿಲ್ಲ. ನನ್ನ ಉಚ್ಚಾರಣೆ ಕೇಳಿ ನೀವು ಗುರುತು ಹಿಡಿದು ಆ ಶಾಲನ್ನು ನನಗೇ ಹೊದಿಸಿದ್ದರೆ ವಿಶ್ವವಿದ್ಯಾಲಯಕ್ಕೆ ತಿಳಿಸದೆ ನನಗೆ ಬೇರೆ ದಾರಿಯೇ ಇರುತ್ತಿರಲಿಲ್ಲ,” ಎಂದರು. ಆಮೇಲೆ ಚೀಲ ಹೆಗಲಿಗೇರಿಸಿಕೊಂಡು, “ನಾನು ಅಮೆರಿಕನ್ನರ ಹಾಗೆ ಕಾಣದೆ ಇದ್ದದ್ದೇ ಒಳ್ಳೆಯದಾಯಿತು. ಅಂದಹಾಗೆ, ಫೋಟೋ ಹೇಗೆ ಬಂದಿದೆ? ಆ ಮನುಷ್ಯ ಬಹಳ ಸಂತೋಷವಾಗಿದ್ದ,” ಎಂದು ನಕ್ಕರು. ಅದು ಯಾವ ನಗು ಎಂದು ಈಗ ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ.

ಆ ಸಂಭ್ರಮದಲ್ಲಿ ಫೋಟೋವನ್ನು ಊರಿಗೆ ಕಳಿಸಿಬಿಟ್ಟೆ. ವೈವಾ ಆಯಿತು ಎಂದು ಬರೆದೆನೇ ಹೊರತು ಬೇರೇನೂ ಬರೆಯಲಿಲ್ಲ. ನಾನು ದಾವಣಗೆರೆಗೆ ವಾಪಸಾಗುವಷ್ಟರಲ್ಲಿ ಮಾವನವರು ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾಲಿನಲ್ಲಿ ತೂಗುಹಾಕಿದ್ದರು. ಶಾಲು ಹೊದ್ದು, ಟೋಪಿಯ ಮೇಲೆ ಪೇಟ ಇಟ್ಟ ಡಡ್ಲಿಯ ಆ ಮಹಾಶಯರು ನನ್ನ ಪಕ್ಕದಲ್ಲಿ ಮೂವತ್ತೆರಡು ಹಲ್ಲೂ ಬಿಟ್ಟು ನಿಂತಿದ್ದಾರೆ. ಬಂದವರಿಗೆಲ್ಲ ಮಾವನವರು, “ಇವರೇ ನೋಡಿ ನಮ್ಮ ಸೊಸೇನ ಪರೀಕ್ಷೆ ಮಾಡಿದ ಅಮೆರಿಕದ ಪ್ರೊಫೆಸರು,” ಎಂದು ತೋರಿಸುತ್ತಾರೆ. ರುದ್ರೇಶಪ್ಪನವರು ಬಂದಾಗಲೆಲ್ಲ ಫೋಟೋದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, “ನಾನು ಹೇಳಿರಲಿಲ್ವಾ ಶೈಲಾ? ಅಮೆರಿಕನ್ನರು ಅಂದ್ರೆ ಹೀಗೇ. ನೂರು ಜನರ ನಡುವೆ ನಿಲ್ಲಿಸಿದ್ರೂ ಗೊತ್ತಾಗುತ್ತೆ,” ಎನ್ನುತ್ತಾರೆ.

ಕೆಲವರನ್ನು ನೋಡಿ ಎಲ್ಲರೂ ಹೀಗೇ ಅನ್ನಬಾರದು ಎಂದು ಅಧ್ಯಾಯವನ್ನೇ ತಿದ್ದಿ ಬರೆದು ಡಾಕ್ಟರಾದವಳು ನಾನು. ಬಾಗಿಲಲ್ಲಿ ಬೋರ್ಡೂ ಇದೆ. ಅಮೆರಿಕನ್ನರು ಈ ಫೋಟೋದಲ್ಲಿಲ್ಲ, ಫೋಟೋ ತೆಗೆದವರು ಅವರು ಎಂದು ಹೇಳಲು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಆಮೇಲೆ, “ಹೌದು ರುದ್ರೇಶಪ್ಪನವರೇ, ನೀವು ಹೇಳಿದ ಹಾಗೇ ಇದ್ದರು,” ಎಂದು ಕಾಫಿ ತರಲು ಒಳಗೆ ಹೋಗುತ್ತೇನೆ.